ನೀರೊಳಗಿನ ಒಂಬತ್ತು ಪಾಲು

"ಹಿಡ್ಕಳ್ಳಾ, ಜಾರ್ತೈತೆ!" ಎಂದ ಶೌಕತ್ ಅಲಿ.

ಗೋಣಿ ಸುತ್ತಿದ್ದ ಐಸ್ ಗಡ್ಡೆಯ ಇನ್ನೊಂದು ತುದಿಗೆ ಚಿಕ್ಕಣ್ಣ ತೊಡೆ ಕೊಟ್ಟು ತಡೆದ. ತಿಪಟೂರಿನ ಶೌಕತ್‌ನ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ದಬ್ಬೇಘಟ್ಟಕ್ಕೆ ಬರುವಷ್ಟರಲ್ಲಿ ಆಟೋ ಎಲ್ಲ ಒದ್ದೆ. ಜಗಲಿಯ ಮೇಲೆ, ತೀರಿಕೊಂಡ ಮಲ್ಲಿಕಾರ್ಜುನಯ್ಯ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಮಗಳು ಗಿರಿಜಾಂಬಿಕಾ ಬಳ್ಳಾರಿಯಿಂದ ಬರುವವರೆಗೂ ಕಾಯಬೇಕಿತ್ತು.

"ಎರಡೂ ಪಕ್ಕ ಐಸು. ಮೇಷ್ಟ್ರು ಇದ್ದಿದ್ರೆ ಪಾಠಾನೇ ಸುರು ಮಾಡ್ಬುಡೋರು ಕಣ್ಲಾ," ಎಂದ ಶೌಕತ್.

ಚಿಕ್ಕಣ್ಣನ ನಾಲಿಗೆ ತಾನಾಗಿಯೇ ಮೇಷ್ಟ್ರ ದನಿಗೆ ಹೊರಳಿತು: "ಮ-ಮ-ಮಂಜುಗಡ್ಡೆ ಯಾಕ್ರೋ ತೇ-ತೇ-ತೇಲುತ್ತೆ?"

ಚಪ್ಪರದಡಿಯಲ್ಲಿದ್ದ ನಾಲ್ಕು ಜನ ನಗು ಬಂದು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಗುರುಶಾಂತಮ್ಮ ನಿಂತಿದ್ದನ್ನು ಅವನು ನೋಡಿದ್ದು ಆಮೇಲೆ.

*

ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಟಿಫನ್ ಕ್ಯಾರಿಯರಿನಲ್ಲಿ ಐಸ್ ತಂದು ಬಕೆಟ್ಟಿನ ನೀರಿಗೆ ಬಿಟ್ಟಿದ್ದರು. ಶಟ್ಲ್ ಬಸ್ಸಿನ ಹಾಗೆ ಅಕ್ಷರಕ್ಕೊಂದು ಸ್ಟಾಪು ಕೊಡುತ್ತಲೇ ವಿವರಿಸಿದರು: ನೀರು ಗಡ್ಡೆ ಕಟ್ಟುವಾಗ ಹಿಗ್ಗುತ್ತದೆ, ಹಿಗ್ಗಿದ್ದಕ್ಕೇ ಹಗುರ. ಆದರೆ ಒಂಚೂರೇ ಹಗುರ, ಆ ಒಂಚೂರೇ ಮೇಲೆ ಕಾಣುವುದು. ಸಮುದ್ರದ ಹಿಮಬೆಟ್ಟವೂ ಅಷ್ಟೇ, ಹತ್ತರಲ್ಲಿ ಒಂಬತ್ತು ಪಾಲು ಒಳಗೆ.

"ಕ-ಕಣ್ಣಲ್ಲ, ಕೈ ಹಾಕಿ ನೋ-ನೋಡ್ರೋ."

ಎಲ್ಲರೂ ಕೈ ಹಾಕಿದರು. ಚಿಕ್ಕಣ್ಣ ಮಾತ್ರ ಹಾಕಲಿಲ್ಲ. ಅವನು ಮೇಷ್ಟ್ರ ತುಟಿಯನ್ನೇ ನೋಡುತ್ತಿದ್ದ. ಐಸ್ ಕರಗುವುದರೊಳಗೆ ಆ ದನಿ ಅವನಿಗೆ ಬಂದಿತ್ತು. ಮುಂದೆ ಇಪ್ಪತ್ತು ವರ್ಷ ಮದುವೆಮನೆ, ಗಣೇಶನ ಪೆಂಡಾಲು, ಎಲ್ಲಿ ಹೋದರೂ ಅದಕ್ಕೇ ಚಪ್ಪಾಳೆ.

ತೊಂಬತ್ತೇಳರಲ್ಲಿ ಮೇಷ್ಟ್ರ ಬೀಳ್ಕೊಡುಗೆಯ ದಿನ ಅವರೆದುರಿಗೇ ಮಾಡಿದ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಮಾತಾಡಿ ಎಂದಾಗ ಎದ್ದರು, ಜುಬ್ಬದ ಜೇಬಿನಲ್ಲಿದ್ದ ಕಾಗದ ಮುಟ್ಟಿಕೊಂಡರು, ಕೈ ಮುಗಿದು ಕೂತರು. ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಿಬರಬೇಕು ಎಂದು ಚಿಕ್ಕಣ್ಣನಿಗೆ ಅನ್ನಿಸಿತ್ತು. ನಾಳೆ ಹೋದರಾಯ್ತು ಎಂದುಕೊಂಡಿದ್ದರಲ್ಲೇ ಎರಡು ವರ್ಷ.

*

ಗುರುಶಾಂತಮ್ಮ ಅವನನ್ನು ಒಳಗೆ ಕರೆದರು.

"ಅಮ್ಮಾ, ತಪ್ಪಾಯ್ತು, ಬಾಯ್ತಪ್ಪಿ..."

"ಬುಡಪ್ಪ. ಅವ್ರ ದನಿ ಒಂದ್ಸಲ ಕೇಳ್ಸು. ಇನ್ನೇನು ಎತ್ಕೊಂಡೋಗ್ತಾರೆ. ಆ ಉಗ್ಗೋದು ಬ್ಯಾಡ. ಮನೇಲಿ ಮಾತಾಡ್ತಿದ್ದಂಗೆ ಮಾಡು."

"ಮನೇಲಿ ಹೆಂಗೆ?"

"ಮನೇಲಿ ಯಾವತ್ತು ಉಗ್ಗಿದ್ರು?" ಅವರು ಅಟ್ಟದ ಕಡೆ ನೋಡಿದರು. "ರಿಟೈರಾಗೋ ಮುಂಚೆ ಒಂದ್ ತಿಂಗ್ಳು ಸಂಜೆಯೆಲ್ಲಾ ಅಲ್ಲೇ. ಕೊಬ್ಬರಿ ಆಗ್ಲಿ ಅಂತ ಹಾಕಿದ್ ಕಾಯೇ ಹುಡುಗ್ರು, ಅವುಕ್ಕೇ ಬೀಳ್ಕೊಡುಗೆ ಭಾಷಣ. ಕೆಳಗೆ ಕೂತು ಪೂರಾ ಕೇಳಿದೀನಿ, ಒಂದು ಕಡೆ ತಡೀಲಿಲ್ಲ. ನಿನ್ ಹೆಸ್ರೂ ಇತ್ತು ಅದ್ರಾಗೆ."

"ನನ್ ಹೆಸ್ರಾ?"

"'ನನ್ನ ಪಾಠವನ್ನ ಒಂದಕ್ಷರ ಬಿಡದೆ ಕೇಳಿದೋನು ಚಿಕ್ಕಣ್ಣ ಒಬ್ಬನೇ' ಅಂತ."

ಚಿಕ್ಕಣ್ಣ ಬಾಯಿ ತೆರೆದ. ಗುರುಶಾಂತಮ್ಮ ಕಣ್ಣು ಮುಚ್ಚಿಕೊಂಡು ಕಾದರು. ಅವನ ಗಂಟಲಿಗೆ ಬಂದದ್ದು ಅದೇ ಮ-ಮ. ನುಂಗಿಕೊಂಡ. ಇನ್ನೊಂದು ದನಿ ಎಷ್ಟು ತಡಕಿದರೂ ಸಿಗಲಿಲ್ಲ. ಹೊರಗೆ ಗಿರಿಜಾಂಬಿಕಾ "ಅಪ್ಪಾಜಿ" ಎಂದು ಕೂಗಿದ್ದು ಕೇಳಿ ಅವರು ಕಣ್ಣು ಬಿಟ್ಟು, ಅವನ ಭುಜ ಮುಟ್ಟಿ, ಆಚೆ ಹೋದರು.

*

ತೋಟದಲ್ಲಿ ಮಣ್ಣು ಮುಗಿಸಿ ಬಂದವರಿಗೆ ಕೈಕಾಲು ತೊಳೆಯಲು ಅಂಗಳದಲ್ಲಿ ಹಂಡೆ ತುಂಬಿಟ್ಟಿದ್ದರು. ಮಿಕ್ಕಿದ್ದ ಐಸನ್ನು ಯಾರೋ ಅದರೊಳಗೆ ಹಾಕಿದ್ದರು. ನೀರಿನ ಮೇಲೆ ಅಂಗೈಯಗಲ ಮಾತ್ರ ಕಾಣುತ್ತಿತ್ತು.

ಎಲ್ಲರೂ ತೊಳೆದುಕೊಂಡು ಹೋದ ಮೇಲೆ ಚಿಕ್ಕಣ್ಣ ಅಂಗಿಯ ತೋಳು ಮಡಿಸಿ ನೀರಿಗೆ ಕೈ ಇಳಿಸಿದ. ಮೊಣಕೈ ಮುಳುಗಿದರೂ ಗಡ್ಡೆಯ ಬುಡ ಸಿಗಲಿಲ್ಲ.

"ಬಾರ್ಲಾ, ಕತ್ಲಾಯ್ತದೆ," ಎಂದು ಆಟೋದಿಂದ ಶೌಕತ್ ಕೂಗಿದ.

ಬೆರಳು ಮರಗಟ್ಟಿದವು. ಅವನು ಇನ್ನಷ್ಟು ಬಗ್ಗಿ, ತಡಕುತ್ತಲೇ ಇದ್ದ.