ಬಾಯಿರುವ ರೋಗಿ

ಹದಿನೈದು ವರ್ಷ ಪ್ರಾಣಿಗಳಿಗೆ ಮದ್ದು ಮಾಡಿ, ನಲವತ್ತು ದಾಟಿದ ಮೇಲೆ ಅವಳಿಗೆ ಕ್ಯಾನ್ಸರ್ ಸಂಶೋಧನೆಯ ಹುಚ್ಚು ಹಿಡಿದಿತ್ತು. ಈಗ ತನಗಿಂತ ಚಿಕ್ಕವರ ಕೈಕೆಳಗೆ ತರಬೇತಿ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಾಯಿಗಳ ಮೂಳೆಗಡ್ಡೆಯ ಜೀವಕೋಶ ಎಣಿಸಬೇಕು, ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಕತ್ತು ಕಲ್ಲಾಗಿ, ಎದ್ದು ಮನೆಗೆ ಹೋಗಲೂ ಬೇಜಾರಾಗುವಷ್ಟು ಸುಸ್ತು.

ಅಂಥದೊಂದು ಸಂಜೆ ಅಣ್ಣ, ಅತ್ತಿಗೆ ಪ್ರಯೋಗಾಲಯದ ಕ್ಯಾಂಟೀನಿಗೇ ಬಂದು ಕೂತಿದ್ದರು. ಇಷ್ಟು ವರ್ಷ 'ದನದ ಡಾಕ್ಟ್ರು' ಎಂದು ಅವಳನ್ನು ರೇಗಿಸುತ್ತಿದ್ದ ಅಣ್ಣ ಇವತ್ತು ಸುಮ್ಮನಿದ್ದ. ಅತ್ತಿಗೆ ಕೊಟ್ಟ ಎಕ್ಸ್‌ರೇಯನ್ನು ಅವಳು ಬೆಳಕಿಗೆ ಹಿಡಿದಳು. ಅಣ್ಣನ ಮೊಣಕಾಲಿನ ಮೇಲೆ, ಅವಳು ದಿನಾ ನೋಡುವ ಅದೇ ಗಡ್ಡೆ.

"ಬೇರೆ ಕಡೆ ಹರಡಿಲ್ವಂತೆ. ಆದ್ರೆ ಕಾಲು ತೆಗೀಬೇಕಂತೆ," ಎಂದಳು ಅತ್ತಿಗೆ.

ಅವಳು ಬಗ್ಗಿ ಅಣ್ಣನ ಕಾಲು ಒತ್ತಿ ನೋಡಿದಳು. "ರಾತ್ರಿ ನಿದ್ದೆ ಮಾಡ್ತಾನಾ ಅತ್ತಿಗೆ?"

"ಎಲ್ಲಿ ಮಾಡ್ತಾರೆ. ನರಳ್ತಾನೇ ಇರ್ತಾರೆ."

"ಊಟ? ಇಲ್ಲಿ ಮುಟ್ಟಿದ್ರೆ ಸಿಟ್ಟು ಮಾಡ್ತಾನಾ?"

"ಅರ್ಧ ಊಟಕ್ಕೇ ಎದ್ದುಬಿಡ್ತಾರೆ. ನೋಡು, ಆಪರೇಷನ್ ಬೇಡ ಅಂತ ಮಕ್ಕಳೂ ನಾನೂ ಮಾತಾಡ್ಕೊಂಡಿದ್ದೀವಿ. ಕಾಲಿಲ್ದೆ ಇವರು ಕೊರಗಿ ಕೊರಗಿ ಹೋಗಿಬಿಡ್ತಾರೆ. ನೀನೂ ಹೂಂ ಅಂದ್ರೆ ನಾಳೆ ಆಸ್ಪತ್ರೆಗೆ ತಿಳಿಸ್ತೀವಿ."

ಮೂರು ಕಾಲಲ್ಲಿ ಓಡಾಡಿಕೊಂಡಿರುವ ನಾಯಿಗಳನ್ನು ಅವಳು ಎಷ್ಟೋ ಕಂಡಿದ್ದಳು. ಅದನ್ನೆಲ್ಲ ವಿವರಿಸುವ ತ್ರಾಣ ಇರಲಿಲ್ಲ. ದಣಿದ ತಲೆಗೆ ಹೂಂ ಅನ್ನುವುದೇ ಸುಲಭವೆನಿಸಿತು.

"ನನಗೂ ಬಾಯಿದೆ ಕಣೇ," ಎಂದ ಅಣ್ಣ, ಮೆಲ್ಲಗೆ.

ಅವಳ ಕೈ ನಿಂತಿತು. ರೋಗಿಯ ಮೈ ಮುಟ್ಟಿ, ಜೊತೆಗೆ ಬಂದವರನ್ನು ಪ್ರಶ್ನೆ ಕೇಳುವುದು ಅವಳ ಕಸುಬಿನ ರೂಢಿ. ಸ್ವಂತ ಅಣ್ಣನಿಗೂ ಹಾಗೇ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

"ನೀನೇ ಹೇಳಣ್ಣ. ನಿನಗೇನು ಬೇಕು?"

ಅಣ್ಣ ತನ್ನ ಕಾಲನ್ನೇ ನೋಡುತ್ತ ಕೂತ. "ಕಾಲು ಹೋದ್ರೆ ಹೋಗ್ಲಿ. ನಾನು ಬದುಕ್ಬೇಕು. ಆದ್ರೆ ತುಂಬಾ ಭಯ ಆಗ್ತಿದೆ."

ಅತ್ತಿಗೆ ಕಂಗಾಲಾದಳು. "ಒಂದು ದಿನಾನೂ ನನ್ನ ಹತ್ರ ಹೇಳ್ಲಿಲ್ವಲ್ಲ ನೀವು."

"ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ರಿ. ನನ್ನ ಯಾರು ಕೇಳಿದ್ರು?"

ಹೆದರಿದ ನಾಯಿಗಳಿಗಾದರೆ ಅವಳು ತಲೆ ಸವರಿ 'ಏನೂ ಆಗಲ್ಲ' ಎನ್ನುತ್ತಿದ್ದಳು, ಅವು ನಂಬಿಬಿಡುತ್ತಿದ್ದವು. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ.

"ನನಗೂ ಭಯ ಆಗ್ತಿದೆ ಅಣ್ಣ," ಎಂದಳು.