ಅತ್ತಿಗೆ ಕೂರಿಸಿದ ಕಣ್ಣು

ಅಮ್ಮನ ಕಣ್ಣು ಮಂಜಾದ ಮೇಲೆ ಹೂವನ್ನು ಅವಳು ಮೂಗಿನಲ್ಲೇ ನೋಡುತ್ತಿದ್ದಳು. ನರ್ಸರಿಯಲ್ಲಿ ಒಂದೊಂದು ಗುಲಾಬಿಗೂ ಬಗ್ಗಿ, "ಇದು ಸೋಪು ಕಣೋ, ಇದಕ್ಕೆ ವಾಸನೇನೇ ಇಲ್ಲ" ಎಂದು ಬದಿಗೊತ್ತುತ್ತ, ಮೂಲೆಯ ಬಡಕಲು ಗಿಡವೊಂದರ ಮುಂದೆ ನಿಂತುಬಿಟ್ಟಳು. "ಇದೇ. ನನ್ನ ಕಿಟಕಿ ಕೆಳಗೆ ಇದೇ ಇರ್ಲಿ." ಆ ಜಾತಿಯದು ಅದೊಂದೇ ಉಳಿದಿತ್ತು. ಇನ್ನು ಸಿಗುವುದಿಲ್ಲ ಎಂದ ನರ್ಸರಿಯವನು.

ಅಣ್ಣ ಗುಂಡಿ ತೋಡಿ, ಗೊಬ್ಬರ ಬೆರೆಸಿ, ಗಿಡ ನೆಟ್ಟು ನೀರು ಹಾಕಿದ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಅವನು ಕ್ಷೌರಿಕ; ಏರುಪೇರು ಕಂಡರೆ ಬೆರಳು ಸುಮ್ಮನಿರುವುದಿಲ್ಲ. ಬುಡದಿಂದ ದಪ್ಪನೆಯ ಚಿಗುರೊಂದು ಸೊಂಪಾಗಿ ಎದ್ದಿತ್ತು, ಪಕ್ಕದಲ್ಲಿ ಎರಡು ಬಡಕಲು ಕೊಂಬೆ. "ಹೊಸ ಮನೆಗೆ ಬಂದಿದಾಳೆ, ತಲೆ ನೀಟಾಗಿರ್ಲಿ" ಎಂದು ಬಡಕಲೆರಡನ್ನೂ ಬುಡಕ್ಕೇ ಕತ್ತರಿಸಿಬಿಟ್ಟ.

ಹೊಲಿಗೆ ಬಿಟ್ಟು ಎದ್ದು ಬಂದ ಅತ್ತಿಗೆಗೆ ಯಾಕೋ ಅನುಮಾನ. ನರ್ಸರಿಗೆ ಫೋನು ಹಚ್ಚಿ ಕತ್ತರಿಸಿದ್ದನ್ನು ಹೇಳಿದರು. ಅವನ ಕೂಗು ನಮಗೆಲ್ಲ ಕೇಳಿಸಿತು: "ಅಯ್ಯೋ, ಅದು ಕಸಿ ಗಿಡ! ಹೂ ಬಿಡೋದನ್ನ ಕತ್ತರಿಸಿ ಕಾಡುಗುಲಾಬಿ ಉಳಿಸ್ಕೊಂಡಿದೀರಲ್ರೀ!"

ಅಮ್ಮ ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಳು. ಬೈದಿದ್ದರೆ ಅಣ್ಣನಿಗೆ ಹಗುರಾಗುತ್ತಿತ್ತು.

ಅತ್ತಿಗೆ ಮಾತ್ರ ಫೋನು ಬಿಡಲಿಲ್ಲ. "ಕತ್ತರಿಸಿದ ಕೊಂಬೆ ಇನ್ನೂ ಹಸೀನೇ ಇದೆ. ಏನಾದ್ರೂ ಮಾಡಬಹುದಾ ಹೇಳಿ." ಅವನು ಹೇಳಿದ: ಕೊಂಬೆಯಿಂದ ಮೊಗ್ಗಿನ ಕಣ್ಣೊಂದನ್ನು ಸಿಪ್ಪೆ ಸಮೇತ ತೆಗೆಯಬೇಕು, ಕಾಡುಗಿಡದ ತೊಗಟೆಗೆ ಅಡ್ಡಕ್ಕೊಂದು, ಅದರ ಕೆಳಗೆ ಉದ್ದಕ್ಕೊಂದು ಗೀರು ಹಾಕಿ ಒಳಗೆ ತೂರಿಸಬೇಕು, ಕಣ್ಣು ಹೊರಗಿರುವಂತೆ ಸುತ್ತ ಕಟ್ಟಬೇಕು.

"ಓ, ಒಳಜೇಬು ಕೂರಿಸಿದ ಹಾಗೆ!" ಎಂದರು ಅತ್ತಿಗೆ.

ಅಣ್ಣನ ಹೊಸ ಬ್ಲೇಡು ಬಂತು. ಅತ್ತಿಗೆಯ ಕೈಯ ಚಂದ ನೋಡಬೇಕಿತ್ತು! ರೇಷ್ಮೆ ಬಟ್ಟೆ ಬಿಡಿಸುವವರಂತೆ ತೊಗಟೆಯ ಅಂಚು ಎತ್ತಿ, ಅಕ್ಕಿಕಾಳಿನಂಥ ಕಣ್ಣನ್ನು ಜಾರಿಸಿ ಕೂರಿಸಿದರು. ಒಂದು ಕಡೆಯೂ ಹರಿಯಲಿಲ್ಲ.

"ರೀ, ಗಟ್ಟಿಯಾಗಿ ಹಿಡ್ಕೊಳ್ಳಿ, ಅಲ್ಲಾಡಬೇಡಿ."

"ದಿನಾ ನಾನು ಬೇರೆಯವರಿಗೆ ಹೇಳೋ ಮಾತು ಕಣೇ ಅದು."

ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದಾಯಿತು. ಅಲ್ಲಿಂದ ಅಣ್ಣ ಬೆಳಗಾದರೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಹಾಜರು. "ಸ್ವಲ್ಪ ಬಿಚ್ಚಿ ನೋಡ್ಲಾ?" "ಮುಟ್ಟಿದ್ರೆ ನೋಡಿ ಮತ್ತೆ!"

ಕೆಲವು ವಾರ ಕಳೆದವು. ಕಣ್ಣು ಒಣಗಲಿಲ್ಲ, ಹಸಿರಾಗಿ ಉಬ್ಬಿ ನಿಂತಿತು. ಇನ್ನು ಅದರ ಮೇಲಿನ ಕಾಡುಕೊಂಬೆ ತೆಗೆಯಬೇಕು ಎಂದ ನರ್ಸರಿಯವನು. ಅಣ್ಣ ಕತ್ತರಿ ಹಿಡಿದು ನಿಂತ. ಅಷ್ಟು ತಲೆ ಕಂಡವನು ಎಲ್ಲಿ ಹಾಕಲಿ ಎಂದು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಬೆರಳಿಟ್ಟು, "ಇಲ್ಲಿ. ಧೈರ್ಯವಾಗಿ ಹಾಕಿ" ಎಂದರು. ಹಾಕಿದ.

ಕೆಂಪು ಚಿಗುರು ಬಂತು, ಮೊಗ್ಗು ಕಟ್ಟಿತು. ಒಂದು ಬೆಳಿಗ್ಗೆ ಅಮ್ಮ ತಾನೇ ಕಿಟಕಿ ತೆರೆದು ಮೂಗರಳಿಸಿದಳು. "ಲೇ ಇವಳೇ, ಬಾರೇ! ಮೊದಲು ನೀನು ನೋಡು."

ಅತ್ತಿಗೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಡಿ ಬಂದು ಹೂವಿಗೆ ಬಗ್ಗಿದರು. ಏನು ಕೇಳಿದರೂ "ಊಂ, ಊಂ" ಅಷ್ಟೇ.

"ಸೂಜಿ ತೆಗೆದು ಹೇಳೇ ಮಹಾತಾಯಿ," ಎಂದಳು ಅಮ್ಮ, ಸೊಸೆಯ ತಲೆ ತಡವುತ್ತ.