ಮಗಳು ತಂದ ಶರ್ಟು

ನಮ್ಮ ಕನ್ನಡಕದ ಅಂಗಡಿಯಲ್ಲಿ ನನಗೆ ‘ಮದುಮಗ’ ಎಂದು ಅಡ್ಡಹೆಸರು. ಇಟ್ಟವನು ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವನು. ಅವನು ನಿನ್ನೆ ಏನು ಊಟ ಮಾಡಿದ ಎಂಬುದನ್ನು ಅವನ ಶರ್ಟು ನೋಡಿಯೇ ಹೇಳಬಹುದು. ದಿನಾ ಬೆಳಿಗ್ಗೆ ನಾನು ಒಳಗೆ ಕಾಲಿಟ್ಟ ಕೂಡಲೇ, “ಏನ್ ಮದುಮಗ, ಹುಡುಗಿ ಎಲ್ಲಿ?” ಎನ್ನುತ್ತಾನೆ. ಎಷ್ಟೋ ವರ್ಷದಿಂದ ಅದೇ ಹಳಸಲು ಹಾಸ್ಯ. ನಾನೂ, “ದಾರೀಲಿದ್ದಾಳೆ ಕಣಯ್ಯಾ, ನೀನು ಗಾಜು ಉಜ್ಜು” ಎನ್ನುತ್ತೇನೆ. ಅಲ್ಲಿಗೆ ನಮ್ಮಿಬ್ಬರ ಆ ದಿನದ ಮಾತುಕತೆ ಹೆಚ್ಚುಕಡಿಮೆ ಮುಗಿಯುತ್ತದೆ.

ನನ್ನ ಹತ್ತಿರ ಇರುವುದು ನಾಲ್ಕು ಶರ್ಟು, ಎರಡು ಪ್ಯಾಂಟು, ಒಂದು ಜೊತೆ ಬೂಟು. ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಹೇಳುವ ಗೋಜಿಗೇ ಹೋಗುವುದಿಲ್ಲ. ಶರ್ಟುಗಳೆಲ್ಲ ಫುಟ್‌ಪಾತಿನ ರಾಶಿಯಲ್ಲಿ ಹುಡುಕಿ ತಂದವು. ಅಲ್ಲಿ ಜನ ಬಣ್ಣ ನೋಡಿ ಮುಗಿಬೀಳುತ್ತಾರೆ. ನಾನು ಮಗುಚಿ ಒಳಗಿನ ಹೊಲಿಗೆ ನೋಡುತ್ತೇನೆ. ಬಟ್ಟೆ ಗಟ್ಟಿಯಿದ್ದರೆ ಸಾಕು, ಉಳಿದದ್ದು ನನಗೆ ಬಿಡಿ. ಗುಜರಿಯಲ್ಲಿ ಸಿಕ್ಕ, ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನೊಂದು ನನ್ನ ಕೋಣೆಯ ಕಿಟಕಿಯ ಕೆಳಗೆ ಕೂತಿದೆ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಒಂದಿಷ್ಟು ಒಳಗೆ ಹಿಡಿದರೆ ಎಂಥ ದೊಗಳೆ ಶರ್ಟೂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಕಾಲರು ಸವೆದು ನೂಲು ಇಣುಕತೊಡಗಿದರೆ ಅದನ್ನು ಪೂರಾ ಬಿಚ್ಚಿ, ತಿರುಗಿಸಿ, ಮತ್ತೆ ಕೂರಿಸುತ್ತೇನೆ. ಸವೆದ ಮುಖ ಒಳಗೆ, ಹೊಸ ಮುಖ ಹೊರಗೆ. ಬಟ್ಟೆ ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡುತ್ತೇನೆ, ಆಕಾರ ಕೆಡದಿರಲೆಂದು ಬೂಟಿನೊಳಗೆ ಹಳೆಯ ಪೇಪರ್ ತುರುಕಿಡುತ್ತೇನೆ. ನಮ್ಮ ಯಜಮಾನರು ನನ್ನ ತಿಂಗಳ ಸಂಬಳಕ್ಕೂ ಸಿಗದಂಥ ಶರ್ಟು ಹಾಕಿ ಬರುತ್ತಾರೆ, ಆದರೆ ಅದರ ಭುಜ ಮೊಣಕೈ ಕಡೆಗೆ ಹೊರಟಿರುತ್ತದೆ. ನೋಡಿದಾಗಲೆಲ್ಲ ನನಗೆ ಕೈ ತುರಿಸುತ್ತದೆ. ದುಡ್ಡಿದ್ದವರು ಹೇಗೆ ಬೇಕಾದರೂ ತೊಟ್ಟುಕೊಳ್ಳಬಹುದು. ನನ್ನಂಥವನಿಗೆ ಇರುವ ಬಂಡವಾಳವೆಂದರೆ ಅಳತೆಯೊಂದೇ.

ಈ ಶೋಕಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಸಂಸಾರವಿದ್ದ ಕಾಲದಲ್ಲಿ ನಾನು ಕೈಗೆ ಸಿಕ್ಕಿದ್ದನ್ನು ತೊಟ್ಟು ಓಡಾಡಿಕೊಂಡಿದ್ದವನು, ಮೈಯೂ ದುಂಡಗಿತ್ತು. ಹೆಂಡತಿಗೂ ನನಗೂ ಹೊಂದಿಕೆಯಾಗಲಿಲ್ಲ. ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ತಾಯಿ ಮಗಳಿಬ್ಬರೂ ಬೇರೆ ಮನೆಗೆ ಹೋದರು. ಆಮೇಲೊಮ್ಮೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಗೆಳತಿಯರ ಜೊತೆ ಬಂದ ಮಗಳು ಸವೆದು ನೂಲೆದ್ದ ನನ್ನ ಕಾಲರು ನೋಡಿದಳು, ಆಮೇಲೆ ರಸ್ತೆ ನೋಡಿದಳು. ಆ ವಾರವೇ ನಾನು ಸೂಜಿ ದಾರ ಕೊಂಡೆ. ಅಂದಿನಿಂದ ಇಂದಿನವರೆಗೆ ನಾನು ಚೆನ್ನಾಗಿ ಬಟ್ಟೆ ಹಾಕಿಕೊಳ್ಳುವುದು ಅವಳೊಬ್ಬಳ ಕಣ್ಣಿಗಾಗಿ. ಉಳಿದ ದಿನಗಳದ್ದೆಲ್ಲ ಅಭ್ಯಾಸ ತಪ್ಪಬಾರದೆಂದು.

ಈಗ ಅವಳು ನರ್ಸು. ಪ್ರತಿ ತಿಂಗಳ ಮೊದಲನೆಯ ಭಾನುವಾರ ರೈಲು ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ ನನ್ನನ್ನು ನೋಡಲು ಬರುತ್ತಾಳೆ. ಚಿಕ್ಕವಳಿದ್ದಾಗ ‘ನೀನು’ ಎನ್ನುತ್ತಿದ್ದವಳು ನಡುವೆ ಯಾವಾಗಲೋ ‘ನೀವು’ ಎನ್ನತೊಡಗಿದ್ದಾಳೆ. ಕೂತ ಕೂಡಲೇ ಕನ್ನಡಕ ತೆಗೆದು ನನ್ನ ಕೈಗೆ ಕೊಡುತ್ತಾಳೆ. ನಾನು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಕಡ್ಡಿ ಬಿಗಿ ಮಾಡಿ, ಗಾಜು ಒರೆಸಿ, ನಾನೇ ಅವಳ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಸರಿಯಾಗಿದೆಯೇ ಎಂದು ಬೆರಳಿನಿಂದ ನೋಡುತ್ತೇನೆ. ನಿಜ ಹೇಳಬೇಕೆಂದರೆ, ತಿಂಗಳಿಡೀ ನಾನು ಕಾಯುವುದು ಅದಕ್ಕೇ. ಅಂಗಡಿಯಲ್ಲಿ ದಿನವೂ ಎಷ್ಟೋ ಮುಖ ಮುಟ್ಟುತ್ತೇನೆ. ಅವು ಗಿರಾಕಿಗಳ ಮುಖ.

ಒಂದು ಸಲ ಹಾಗೆ ಕನ್ನಡಕ ಕೂರಿಸುತ್ತಿರುವಾಗ ಅವಳು ನನ್ನನ್ನೇ ದಿಟ್ಟಿಸಿ ನೋಡಿ, ತುಟಿ ಕಚ್ಚಿ ನಕ್ಕಳು.

“ಅಪ್ಪಾ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಕೇಳು.”

“ಯಾರೋ ಇದ್ದಾರೆ ಅಲ್ವಾ?”

“ಎಲ್ಲಿ?” ಎಂದು ನಾನು ಬೆಪ್ಪನ ಹಾಗೆ ಹಿಂತಿರುಗಿ ನೋಡಿದೆ.

“ಅಯ್ಯೋ, ಇಲ್ಲಲ್ಲ. ನಿಮ್ಮ ಮನೇಲಿ! ಈ ಇಸ್ತ್ರಿ, ಈ ಕಾಲರು, ಈ ಗುಂಡಿ... ಗಂಡಸರು ಒಬ್ರೇ ಇದ್ರೆ ಹೇಗಿರ್ತಾರೆ ಅಂತ ನನಗೊತ್ತಿಲ್ವಾ? ಆಸ್ಪತ್ರೇಲಿ ದಿನಾ ನೋಡ್ತೀನಿ. ಯಾರು ಅಂತ ನಾನು ಕೇಳಲ್ಲ. ನೀವಾಗೇ ಹೇಳಿದಾಗ ಹೇಳಿ. ನನಗಂತೂ ಖುಷಿ.”

ಮುಖಕ್ಕೆ ರಾಚಿದಂತಾಯಿತು. ಇಲ್ಲ ಮಗಳೇ, ಅದೆಲ್ಲ ನನ್ನದೇ ಕೈ ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಆದರೆ ಮಗಳೆದುರು ಕೂತು, ನಾನು ಭಾನುವಾರವೆಲ್ಲ ಕಿಟಕಿಯ ಕೆಳಗೆ ಕೂತು ಕಾಲರು ತಿರುಗಿಸುತ್ತೇನೆ ಎಂದು ಹೇಗೆ ಹೇಳುವುದು? ನಾಚಿಕೆಯಾಯಿತು. ಸುಮ್ಮನೆ ಕಾಫಿ ಕುಡಿದೆ. ಸುಮ್ಮನಿದ್ದದ್ದೇ ಒಪ್ಪಿಕೊಂಡ ಹಾಗಾಯಿತು.

ಆಗ ಅವಳು ವಿಷಯಕ್ಕೆ ಬಂದಳು. ಸಮುದ್ರದ ಕಡೆಯ ದೊಡ್ಡ ಊರೊಂದರ ಆಸ್ಪತ್ರೆಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಆಪರೇಷನ್ ಕೋಣೆಯ ಕೆಲಸ, ಒಳ್ಳೆಯ ಸಂಬಳ. ಅವಳಮ್ಮ ಆಗಲೇ ತನ್ನ ತಂಗಿಯ ಮನೆ ಸೇರಿಕೊಂಡಿದ್ದಳು, ಆ ಕಡೆಯ ಯೋಚನೆ ಇರಲಿಲ್ಲ.

“ನಿಮ್ಮದೇ ಯೋಚ್ನೆ ಆಗಿತ್ತು ಅಪ್ಪಾ. ನೀವು ಒಬ್ರೇ ಇದ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ, ಇಲ್ಲೇ ಎಲ್ಲಾದ್ರೂ ನೋಡ್ಕೊಳ್ತಿದ್ದೆ. ಈಗ ನಿಶ್ಚಿಂತೆ. ಬರೋ ತಿಂಗಳು ಅವರಿಗೆ ಉತ್ತರ ಕೊಡ್ಬೇಕು.”

ಆ ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಎಲ್ಲದರಲ್ಲೂ ಇಸ್ತ್ರಿ ಹಾಕಿದ ಒಬ್ಬ ಮೂರ್ಖ. ಗಾಜು ಉಜ್ಜುವವನು ಒಂದು ದಿನ, “ಏನ್ ಮದುಮಗ, ಮುಖ ಯಾಕೋ ಇಳಿದಿದೆ, ಹುಡುಗಿ ಕೈ ಕೊಟ್ಲಾ?” ಎಂದಾಗ ಅವನ ಮೇಲೆ ಎಗರಿಬಿದ್ದೆ. ಆಮೇಲೆ ಅವನು ಎರಡು ದಿನ ನನ್ನನ್ನು ಮಾತಾಡಿಸಲೇ ಇಲ್ಲ. ಆ ಹಳಸಲು ಹಾಸ್ಯವೂ ಇಲ್ಲದೆ ಬೆಳಗುಗಳು ಭಣಗುಟ್ಟಿದವು. ಕೋಣೆಗೆ ಬಂದರೆ ಅಲ್ಲಿ ಒಂದು ತಟ್ಟೆ, ಒಂದು ಲೋಟ, ಹ್ಯಾಂಗರಿನಲ್ಲಿ ನಾಲ್ಕು ಶರ್ಟು. ಇಷ್ಟು ವರ್ಷಗಳಲ್ಲಿ ಒಬ್ಬನಿಗೋಸ್ಕರ ಒಲೆ ಹಚ್ಚಲು ಬೇಸರವಾಗಿ ಎಷ್ಟೋ ದಿನ ಬ್ರೆಡ್ಡು ತಿಂದು ಮಲಗಿದ್ದೇನೆ. ಮೈ ಇಳಿದಂತೆಲ್ಲ ಶರ್ಟನ್ನೂ ಒಳಗೆ ಹಿಡಿಯುತ್ತ ಬಂದೆ. ಹೀಗಾಗಿ ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ‘ಒಳ್ಳೇ ಮೈಕಟ್ಟು ಕಾಪಾಡ್ಕೊಂಡಿದ್ದೀರಿ’ ಎಂದು ಯಜಮಾನರೇ ಹೊಗಳಿದರು.

ಮೊದಲನೆಯ ಭಾನುವಾರ ಬಂತು. ನಾನು ತೀರ್ಮಾನ ಮಾಡಿಯಾಗಿತ್ತು. ಈ ಸಲ ಅಸ್ತವ್ಯಸ್ತವಾಗಿ ಹೋಗಬೇಕು, ಅವಳಾಗಿಯೇ ‘ಇದೇನಪ್ಪಾ’ ಎನ್ನಬೇಕು, ಆಗ ಎಲ್ಲ ಹೇಳಿಬಿಡಬೇಕು. ಇಸ್ತ್ರಿ ಇಲ್ಲದ ಶರ್ಟು ಹಾಕಿಕೊಂಡು ಬಾಗಿಲವರೆಗೆ ಹೋದೆ. ಆಗಲಿಲ್ಲ. ಬಟ್ಟೆಯಿಲ್ಲದೆ ಬೀದಿಗಿಳಿದ ಹಾಗೆ ಆಯಿತು. ವಾಪಸು ಬಂದು ಇಸ್ತ್ರಿ ಮಾಡಿದೆ. ಬೂಟಿಗೆ ಪಾಲಿಶ್ ಹಾಕದೆ ಬಿಡೋಣವೆಂದುಕೊಂಡೆ, ಕೈ ಕೇಳಲಿಲ್ಲ. ಕೊನೆಗೆ ಬ್ಲೇಡು ತೆಗೆದುಕೊಂಡು, ಶರ್ಟಿನ ಎದೆಯ ನಡುವಿನ ಒಂದು ಗುಂಡಿಯನ್ನು ಕತ್ತರಿಸಿ ಮಿಷನ್ನಿನ ಮೇಲಿಟ್ಟೆ. ಅಷ್ಟರಮಟ್ಟಿಗೆ ಮಾತ್ರ ನನ್ನ ಕೈಲಾಯಿತು.

ಕಾಫಿ ಅಂಗಡಿಯಲ್ಲಿ ನನ್ನ ಕಣ್ಣು ಅವಳ ಕಣ್ಣಿನ ಮೇಲೆಯೇ ಇತ್ತು. ಅವಳು ಕನ್ನಡಕ ತೆಗೆದು ಕೊಟ್ಟಳು. ಬಿಗಿ ಮಾಡಿ ಕೂರಿಸಿದೆ. ಆಗ ಅವಳಿಗೆ ಕಂಡಿತು.

“ಅಪ್ಪಾ, ಗುಂಡಿ!”

ಹೇಳಿಬಿಡಲು ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ.

“ಜಗಳ ಆಡಿದ್ರಾ?” ಎಂದು ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಪಾಪ, ಏನ್ ಅಂದ್ರಿ ಅವರಿಗೆ? ಹೋಗಿ ಸಮಾಧಾನ ಮಾಡಿ. ನಿಮ್ಮ ತಪ್ಪೇ ಇರುತ್ತೆ.”

ಕನ್ನಡಕ ಮಾರುವವನ ಮಗಳಿಗೇ ಹೀಗೆ ಕಂಡರೆ ಇನ್ನು ಯಾರನ್ನು ದೂರುವುದು? ಇಲ್ಲ, ನಾನು ಹೇಳಲೇಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಶರ್ಟು. ತಿಳಿ ಬೂದು ಬಣ್ಣ, ದೊಡ್ಡ ಅಂಗಡಿಯದು, ಬಟ್ಟೆಯಂತೂ ಬೆಣ್ಣೆ. ಅಂಥದ್ದನ್ನು ನಾನು ಗಾಜಿನಾಚೆ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ.

“ನಾನು ಯಾವತ್ತೂ ನಿಮಗೆ ಏನೂ ಕೊಡಿಸಿಲ್ಲ. ಅಂಗಡಿಯವನು ಅಳತೆ ಕೇಳ್ದ. ಅಪ್ಪನ ಅಳತೆ ನನಗೊತ್ತಿಲ್ವೇನ್ರೀ ಅಂದೆ. ಚಿಕ್ಕೋಳಿದ್ದಾಗ ನಿಮ್ಮ ಶರ್ಟು ಹಾಕ್ಕೊಂಡು ಮನೆ ತುಂಬಾ ಕುಣೀತಿದ್ದೆನಲ್ಲ, ಕಾಲರ್ ಹಿಂದಿನ ನಂಬರು ಬಾಯಿಪಾಠ ಆಗಿತ್ತು.”

ನಾನು ಕಾಲರಿನ ಹಿಂದೆ ನೋಡಿದೆ. ಅದೇ ನಂಬರು. ದುಂಡಗಿದ್ದ, ಸಂಸಾರವಿದ್ದ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದವನ ಅಳತೆ. ಈಗಿನ ನನ್ನ ಜೊತೆಗೆ ಇನ್ನೂ ಅರ್ಧ ಆಳು ಅದರೊಳಗೆ ಹಿಡಿಸುತ್ತಿದ್ದ.

“ಸರಿಯಾಗುತ್ತಲ್ವಾ?”

“ಆಗದೆ ಏನು?” ಎಂದೆ.

“ನಾಳೆ ಆಸ್ಪತ್ರೆಯವರಿಗೆ ಹೇಳ್ಬೇಕು. ನಿಮ್ಮನ್ನ ಕೇಳ್ದೆ ಹೂಂ ಅನ್ನಬಾರ್ದು ಅಂತ ಇದ್ದೆ.” ಮೇಜಿನ ಮೇಲಿದ್ದ ಕೈಗಳನ್ನು ಅವಳು ಒಂದಕ್ಕೊಂದು ಹೆಣೆದುಕೊಂಡಿದ್ದಳು. ಬೇಡ ಎಂದುಬಿಟ್ಟರೆ ಎಂಬ ಹೆದರಿಕೆ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. “ಏನಂತೀರಾ?”

ಒಂದು ಗುಂಡಿ ಕಿತ್ತು ಮಗಳನ್ನು ಕಟ್ಟಿಹಾಕಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು. ಆಗ ಸತ್ಯ ಹೇಳಿದ್ದರೆ ಅವಳು ಖಂಡಿತ ಉಳಿಯುತ್ತಿದ್ದಳು. ಪ್ರತಿ ತಿಂಗಳೂ ಬರುತ್ತಿದ್ದಳು, ಕನ್ನಡಕವನ್ನೂ ಕೊಡುತ್ತಿದ್ದಳು. ಆದರೆ ಎದುರಿಗೆ ಕೂತು ನೋಡುವ ಆ ನೋಟ ಬೇರೆಯದೇ ಆಗಿರುತ್ತಿತ್ತು.

“ಹೋಗಮ್ಮಾ,” ಎಂದೆ. “ನನಗೇನಾಗಿದೆ? ನೋಡ್ಕೊಳ್ಳೋಕೆ ಜನ ಇದ್ದಾರಲ್ಲ.”

ಅವಳು ಮುಖವರಳಿಸಿ ನಕ್ಕಳು. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಅವಳು ಹೊರಡುವ ಹಿಂದಿನ ದಿನ ಅಂಗಡಿಗೆ ರಜೆ ಹಾಕಿ ಕಿಟಕಿಯ ಕೆಳಗೆ ಕೂತೆ. ಹೊಸ ಶರ್ಟು ತೊಟ್ಟು ಕನ್ನಡಿ ನೋಡಿಕೊಂಡರೆ ಯಾರದೋ ಬಟ್ಟೆ ಎರವಲು ತಂದವನ ಹಾಗೆ ಇದ್ದೆ. ಇದನ್ನೇ ಹೀಗೇ ತೊಟ್ಟು ರೈಲಿನ ಹತ್ತಿರ ಹೋಗಿ ನಿಂತರೆ ಸಾಕು, ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ತುಂಬ ಹೊತ್ತು ಹಾಗೆಯೇ ನಿಂತಿದ್ದೆ. ಆಮೇಲೆ ಶರ್ಟು ಕಳಚಿ ಬ್ಲೇಡು ತೆಗೆದುಕೊಂಡೆ. ಪಕ್ಕದ ಹೊಲಿಗೆ ಬಿಚ್ಚಿದೆ. ತೋಳುಗಳನ್ನು ಬಿಡಿಸಿ ಭುಜ ಕಿರಿದು ಮಾಡಿದೆ. ಕಾಲರು ತೆಗೆದು, ಕುತ್ತಿಗೆಗೆ ತಕ್ಕಂತೆ ಮೊಟಕು ಮಾಡಿ ಮತ್ತೆ ಕೂರಿಸಿದೆ. ಮಿಕ್ಕ ಹೊಸ ಬಟ್ಟೆಗೆ ಕತ್ತರಿ ಹಾಕಿದೆ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಶರ್ಟನ್ನೂ ಹೊಲಿದಿರಲಿಲ್ಲ.

ರೈಲಿನ ಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ದೂರದಿಂದಲೇ ಕಂಡು ಕೈ ಬೀಸಿದಳು. ನಾನು ಹತ್ತಿರ ಹೋದ ಕೂಡಲೇ ತೋಳು ಮುಟ್ಟಿದಳು, ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ನೋಡಿದ್ರಾ! ಒಂದ್ ಚೂರಾದ್ರೂ ಹೆಚ್ಚುಕಮ್ಮಿ ಇದೆಯಾ? ಹೇಗೆ ನನ್ನ ಲೆಕ್ಕ?”

“ನಿನ್ನಷ್ಟು ನನ್ನ ಅಳತೆ ಇನ್ಯಾರಿಗೆ ಗೊತ್ತು?” ಎಂದೆ.

“ಇದಕ್ಕೆ ಜಾಸ್ತಿ ಬಿಸಿ ಇಸ್ತ್ರಿ ಇಡಬಾರ್ದಂತೆ. ಅವರಿಗೆ ಹೇಳಿ.”

“ಹೇಳ್ತೀನಿ.”

ಅವಳ ಕನ್ನಡಕ ಮೂಗಿನ ಮೇಲೆ ತುಸು ಜಾರಿತ್ತು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ರೈಲು ಅಲುಗಿತು. ಅವಳೇ ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿಕೊಂಡಳು.

“ಹುಷಾರಾಗಿರು ಅಪ್ಪಾ,” ಎಂದು ಕೂಗಿದಳು.

ಕೋಣೆಗೆ ಬಂದು ಶರ್ಟು ಕಳಚಿ ಹ್ಯಾಂಗರಿಗೆ ಹಾಕಿದೆ. ಈಗ ಐದಾದವು. ಬರುವ ತಿಂಗಳ ಮೊದಲನೆಯ ಭಾನುವಾರ ಯಾವುದನ್ನು ಹಾಕಿಕೊಳ್ಳಲಿ ಎಂದು ಯೋಚಿಸತೊಡಗಿ, ಥಟ್ಟನೆ ನೆನಪಾಗಿ ನಿಲ್ಲಿಸಿದೆ. ಬರಿಮೈಯಲ್ಲಿ ಕೂತು ಮಿಷನ್ನಿನ ಮೇಲಿದ್ದ ಗುಂಡಿಯನ್ನು ಹಳೆಯ ಶರ್ಟಿಗೆ ಹೊಲಿದೆ. ನೆಲದ ಮೇಲೆ ನಿನ್ನೆ ಕತ್ತರಿಸಿದ ಬೂದು ಬಟ್ಟೆಯ ಪಟ್ಟಿಗಳು ಹಾಗೆಯೇ ಬಿದ್ದಿದ್ದವು. ಗುಡಿಸಿ ಹಾಕಲು ಮನಸ್ಸು ಬರಲಿಲ್ಲ. ಒಂದೊಂದನ್ನೇ ಎತ್ತಿ, ಇಸ್ತ್ರಿ ಹಾಕಿ, ಮಡಿಸಿ, ಸೂಜಿ ದಾರದ ಡಬ್ಬಿಯಲ್ಲಿಟ್ಟೆ. ಮುಂದೆ ಕಾಲರು ಸವೆದಾಗ ಬೇಕಾಗುತ್ತವೆ.